ಅರ್ಜಿ ಕೊಟ್ಟು ಮುಚ್ಚಿಸಿದ ತಗ್ಗು

ಘಟ್ಟದ ಕಡೆಯ ಮಂದಿಗೆ ನಮ್ಮ ಗುಡ್ಡ ತೋರಿಸಬಾರದು. ಹಾವೇರಿ ಕೋರ್ಟಿಗೆ ಬಂದಿದ್ದ ಆ ಕಡೆಯ ಕಕ್ಷಿದಾರನೊಬ್ಬ ಮೆಣಸಿನಕಾಯಿ ಕೊಳ್ಳಲೆಂದು ನನ್ನ ಜೊತೆ ಬ್ಯಾಡಗಿಗೆ ಬಂದ. ದೂರದಿಂದಲೇ ಬೆರಳು ಮಾಡಿ ನಮ್ಮ ಗುಡ್ಡ ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿ, "ಇದಕ್ಕೆ ನಮ್ಮಲ್ಲಿ ದಿಬ್ಬ ಅಂತಾರೆ" ಎಂದ. ಮರುವಾರ ಅವನ ಅರ್ಜಿಯನ್ನು ನಾನು ಎಲ್ಲರದೂ ಮುಗಿದ ಮೇಲೆ ಬರೆದುಕೊಟ್ಟೆ. ಗುಡ್ಡವೋ ದಿಬ್ಬವೋ ಎನ್ನುವುದನ್ನು ಬಸ್ಸಿನಲ್ಲಿ ಕೂತು ನಿರ್ಧರಿಸುವಂತಿಲ್ಲ. ಗೇರಿಲ್ಲದ ಕರಿ ಸೈಕಲ್ಲಿನ ಮೇಲೆ ಕೂತು, ಹಿಂದೆ ಕ್ಯಾರಿಯರ್ ಮೇಲೆ ಹೆಂಡತಿಯನ್ನು ಕೂಡಿಸಿಕೊಂಡು, ಹ್ಯಾಂಡಲ್ಲಿಗೆ ಕೈಚೀಲ ಸಿಕ್ಕಿಸಿಕೊಂಡು ಹತ್ತಿ, ಆಮೇಲೆ ಮಾತಾಡಬೇಕು.

ನಾನು ಇಪ್ಪತ್ತೊಂದು ವರ್ಷ ಹಾಗೆ ಹತ್ತಿದವನು. ಒಮ್ಮೆಯೂ ಇಳಿಯದೆ. ಈ ಮಾತನ್ನು ಬ್ಯಾಡಗಿಯಲ್ಲಿ ನಾನು ಯಾರಿಗೆ ಹೇಳಿಲ್ಲ ಎಂದು ಕೇಳಿದರೆ ಸುಲಭ. ರೈಲಿನಲ್ಲಿ ಎದುರು ಕೂತವರಿಗೂ ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ ಒಂದು ಥರ ನಗುತ್ತಿದ್ದರು. ಆ ನಗೆಯನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ.

ಅರ್ಜಿ ಬರೆಯುವುದು ನನ್ನ ಕಸುಬು. ಬೆಳಗಿನ ರೈಲಿಗೆ ಬ್ಯಾಡಗಿಯಿಂದ ಹಾವೇರಿಗೆ ಹೋಗಿ, ಕೋರ್ಟಿನ ಹೊರಗೆ ಒಂದು ಮೇಜು ಹಾಕಿಕೊಂಡು ಕೂಡುತ್ತೇನೆ. ಮಂದಿ ಅತ್ತು, ಬೈದು, ಒಂದರ ಮೇಲೊಂದು ಹೇಳಿದ್ದನ್ನೆಲ್ಲ 'ಮಾನ್ಯರೇ' ಎಂದು ಶುರು ಮಾಡಿ ಒಂದು ಹಾಳೆಯಲ್ಲಿ ಇಳಿಸುತ್ತೇನೆ. ಎಲ್ಲರೂ ನನ್ನನ್ನು ರೈಟರ್ ಎನ್ನುತ್ತಾರೆ. ಬೇರೆಯವರ ಕಷ್ಟ ಕೇಳುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ಹೆಂಡತಿಯ ತವರು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಕದರಮಂಡಲಗಿಯಲ್ಲಿ ಆಂಜನೇಯನಿಗೆ ಸೈಕಲ್ ಮೇಲಿಂದಲೇ ಕೈಮುಗಿದು ಒಳದಾರಿ ಹಿಡಿದರೆ, ಹೊಲಗಳ ನಡುವೆ ಒಂದಷ್ಟು ಸಪಾಟು ರಸ್ತೆ, ಆಮೇಲೆ ಏರು. ಏರು ಮುಗಿದರೆ ಗುಡ್ಡದ ಮೇಲೆ ಅಗಲವಾದ ಬಯಲು, ಅಲ್ಲಿ ಅವಳ ಊರು. ಬಸ್ಸಿಗೆ ಹೋಗಬಹುದಿತ್ತು. ಆದರೆ ರಾಣೆಬೆನ್ನೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಕಾಯಬೇಕು. ಹಾಗಾಗಿ ತಿಂಗಳಿಗೊಂದು ಭಾನುವಾರ ಸೈಕಲ್. ಬ್ಯಾಡಗಿಯ ನಮ್ಮ ಮನೆಯಲ್ಲಿ ನನ್ನ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎಲ್ಲ ಸೇರಿ ಹದಿಮೂರು ಮಂದಿ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಕ್ಯಾರಿಯರ್ ಮೇಲೆ ಅವಳಿಗೆ ಕೊನೆಯವರೆಗೂ ಇಕ್ಕಟ್ಟಾಗಲಿಲ್ಲ.

ನಮ್ಮ ಕಡೆ ಸೈಕಲ್ ಮೇಲೆ ಡಬಲ್ ಹೋಗುವವರಿಗೆ ಒಂದು ರೂಢಿಯಿದೆ. ಏರು ಬಂದರೆ ಇಳಿಯಬೇಕು. "ಏರ ಬಂತು, ಇಳಿ" ಎಂದು ಮುಂದಿನವನು ಹೇಳುತ್ತಾನೆ, ಹಿಂದಿನವರು ಇಳಿಯುತ್ತಾರೆ. ಆಮೇಲೆ ಮುಂದಿನವನೂ ಇಳಿಯುತ್ತಾನೆ. ಇಬ್ಬರೂ ಸೈಕಲ್ಲನ್ನು ನಡೆಸಿಕೊಂಡು ಸಾವಕಾಶ ಹತ್ತುತ್ತಾರೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ನನಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ಹೆಣ್ಣು ನೋಡಲು ಹೋದ ದಿನ ನಾನು ಒಳಗೆ ಅವಲಕ್ಕಿ ತಿನ್ನುತ್ತಿದ್ದಾಗ, ಹೊರಗೆ ಕಟ್ಟೆಯ ಮೇಲೆ ಅವಳಪ್ಪ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಹುಡುಗ ಓದಿಕೊಂಡಾನ, ಖರೇ. ಆದ್ರ ಕಾಲ ನೋಡೀರೇನು? ಜ್ವಾಳದ ದಂಟ ಆಗ್ಯಾವು. ನಮ್ಮ ಮಗಳನ್ನ ಈ ಗುಡ್ಡ ಹ್ಯಾಂಗ ಹತ್ತಿಸ್ಯಾನು?" ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಹತ್ತಿಸಿ ತೋರಿಸುತ್ತೇನೆ ಎಂದು ಆಗಲೇ ಮನಸ್ಸಿನಲ್ಲಿ ಬರೆದುಕೊಂಡೆ.

ಮದುವೆಯಾಗಿ ಮೊದಲ ಸಲ ತವರಿಗೆ ಕರೆದುಕೊಂಡು ಹೊರಟಾಗ ಏರಿನ ಬುಡದಲ್ಲಿ ಅವಳು ರೂಢಿಯಂತೆ ಕೇಳಿದಳು.

"ಏರ ಬಂತರಿ. ನಾ ಇಳೀಲೇನು?"

"ಯಾಕ? ನನ್ನ ಕಾಲಾಗ ಕಸುವಿಲ್ಲಂತ ನಿಮ್ಮಪ್ಪ ಹೇಳ್ಯಾನೇನು? ಸುಮ್ಮ ಕುಂದ್ರು."

ಹೊಸ ಹೆಂಡತಿಗೆ ಆಡುವ ಮಾತಲ್ಲ ಅದು. ಸ್ವಲ್ಪ ದೂರ ಹೋದ ಮೇಲೆ ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. "ಏರಿನಾಗ ಮಾತಾಡಬ್ಯಾಡ, ಉಸಿರ ಕೆಡತೈತಿ" ಎಂದೆ. ಅಂದಿನಿಂದ ಅದು ಕಾನೂನಾಯಿತು. ಏರಿನಲ್ಲಿ ಇಳಿಯುವುದಿಲ್ಲ, ಏರಿನಲ್ಲಿ ಮಾತಿಲ್ಲ.

ಗೇರಿಲ್ಲದ ಸೈಕಲ್ಲಿನಲ್ಲಿ ಏರು ಹತ್ತುವುದಕ್ಕೆ ಒಂದು ವಿದ್ಯೆಯಿದೆ, ಅದನ್ನು ನಾನೇ ಕಲಿತುಕೊಂಡೆ. ಮೊದಲನೆಯದಾಗಿ ತುದಿಯನ್ನು ನೋಡಬಾರದು. ತುದಿ ನೋಡಿದವನ ತೊಡೆ ಅಲ್ಲೇ ಸೋಲುತ್ತದೆ. ಮುಂದಿನ ಗಾಲಿಯಿಂದ ಎರಡು ಮಾರು ರಸ್ತೆ ನೋಡಿಕೊಂಡು ಹೋಗಬೇಕು, ಅಷ್ಟೆ. ರಸ್ತೆಯನ್ನು ನೇರ ಹತ್ತದೆ ಆ ಅಂಚಿನಿಂದ ಈ ಅಂಚಿಗೆ ಓರೆಯಾಗಿ ಹಾಯಬೇಕು. ಎದುರಿಗೆ ಗಾಡಿ ಬಂದರೆ ಅವನು ಬೈಯುತ್ತಾನೆ, ಬೈಯಲಿ. ನಡುವೆ ಒಂದು ತಿರುವಿದೆ. ಅಲ್ಲಿ ಹುಣಸೆ ಮರದ ಕೆಳಗೆ ಒಬ್ಬ ಅವ್ವನ ಚಹಾದ ಗುಡಿಸಲು. ತಿರುವಿನ ತನಕ ಕೂತೇ ತುಳಿಯಬಹುದು. ತಿರುವಿನ ಆಚೆ ಖರೇ ಏರು. ಅಲ್ಲಿ ಸೀಟು ಬಿಟ್ಟು ಎದ್ದು ನಿಲ್ಲಬೇಕು, ಮೈಯ ಭಾರವನ್ನೆಲ್ಲ ಒಂದು ಪೆಡಲ್ ಮೇಲೆ ಹಾಕಬೇಕು, ಅದು ಕೆಳಗಿಳಿದ ಮೇಲೆ ಇನ್ನೊಂದರ ಮೇಲೆ. ಸೈಕಲ್ ಎಡಕ್ಕೂ ಬಲಕ್ಕೂ ವಾಲುತ್ತದೆ. ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಆಗ ಯಾರು ಕರೆದರೂ ಕೇಳಿಸುವುದಿಲ್ಲ.

ವಿಚಿತ್ರವೆಂದರೆ, ಅಷ್ಟು ಕಡಿದಾದ ಆ ಏರಿನಲ್ಲಿ ಎದ್ದು ನಿಂತು ನಾಲ್ಕು ತುಳಿತ ತುಳಿಯುವಷ್ಟರಲ್ಲಿ ಸೈಕಲ್ ಹಗುರವಾಗುತ್ತಿತ್ತು. ಮೊದಮೊದಲು ನಿಂತು ತುಳಿದದ್ದರ ಫಲ ಎಂದುಕೊಂಡೆ. ಆಮೇಲೆ ಅದಕ್ಕೊಂದು ತಮಾಷೆಯ ಕಾರಣ ಹುಡುಕಿದೆ. ತವರು ಹತ್ತಿರ ಬಂದಂತೆ ಹೆಣ್ಣುಮಕ್ಕಳು ಹಗುರಾಗುತ್ತಾರೆ! ಮಾವನ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವ ಕೂಡ. "ಅಳಿಯಾರ, ಇವತ್ತೂ ಇಳೀಲಿಲ್ಲೇನ್ರಿ?" ಎಂದು ಪ್ರತಿ ಸಲ ಅವರು ಕೇಳುವುದು, "ಎಲ್ಲೀದು ರೀ ಇಳಿಯೂದು" ಎಂದು ನಾನು ಹೇಳುವುದು, ಇವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋಗುವುದು. ಅವಳು ಅಲ್ಲಿಗೆ ಮುಟ್ಟಿದಾಗ ಯಾವಾಗಲೂ ಬೆವರಿರುತ್ತಿದ್ದಳು. "ತುಳದಾಂವ ನಾನು, ಬೆವರಿದಾಕಿ ನೀನು" ಎಂದು ಅದನ್ನೂ ಆಡಿಕೊಂಡಿದ್ದೇನೆ.

ಬರುವಾಗ ಪೂರಾ ಇಳಿಜಾರು. ತುಳಿಯುವ ಕೆಲಸವಿಲ್ಲ, ಬ್ರೇಕ್ ಹಿಡಿದರೆ ಸಾಕು. ಕೈಚೀಲದಲ್ಲಿ ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಒಂದು ಕುಂಬಳಕಾಯಿ. ಅವಳು ನನ್ನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂಡುತ್ತಿದ್ದಳು. ಗಾಳಿಗೆ ಅವಳ ಮಾತು ಹಿಂದಕ್ಕೆ ಹಾರಿಹೋಗುತ್ತಿತ್ತು, ನನಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಹ್ಞೂಂ, ಹ್ಞೂಂ ಎನ್ನುತ್ತಿದ್ದೆ.

ಇನ್ನು ಆ ತಗ್ಗಿನ ವಿಷಯ. ಏರಿನ ತುದಿ ಮುಟ್ಟಿ ನಾನು ಸೀಟಿನ ಮೇಲೆ ಮತ್ತೆ ಕೂಡುವ ಹೊತ್ತಿಗೆ ಸೈಕಲ್ ಹಿಂದಿನಿಂದ ಒಮ್ಮೆ ಧಡ್ ಎಂದು ಕುಲುಕುತ್ತಿತ್ತು. ಪ್ರತಿ ಸಲ ಅದೇ ಜಾಗ. ಉಸಿರು ಬಾಯಿಗೆ ಬಂದಿರುವಾಗ ಹಿಂದಿನ ಗಾಲಿ ತಗ್ಗಿಗೆ ಬಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾಲ್ಕೈದು ವರ್ಷ ಸಹಿಸಿದೆ. ಒಂದು ದಿನ ಹಾವೇರಿಯಲ್ಲಿ ನನ್ನ ಮೇಜಿನ ಮೇಲೆಯೇ, ನನ್ನ ಕೈಯಿಂದಲೇ, ನನಗಾಗಿಯೇ ಒಂದು ಅರ್ಜಿ ಬರೆದೆ. 'ಮಾನ್ಯರೇ, ಸದರಿ ರಸ್ತೆಯ ಏರಿನ ತುದಿಯಲ್ಲಿ ಬಹು ವರ್ಷಗಳಿಂದ ತಗ್ಗು ಬಿದ್ದಿದ್ದು, ಸೈಕಲ್ ಸವಾರರಿಗೂ ವಿಶೇಷವಾಗಿ ಹಿಂಬದಿ ಕುಳಿತ ಹೆಣ್ಣುಮಕ್ಕಳಿಗೂ ಅಪಾಯಕರವಾಗಿರುತ್ತದೆ.' ವಿಶೇಷವಾಗಿ ಎಂಬ ಪದವನ್ನು ಹಾಕಿ ಅಡಿಗೆರೆ ಎಳೆದಿದ್ದೆ.

ರಸ್ತೆಯ ಕಚೇರಿಯಿಂದ ಒಬ್ಬರು ನಿಜಕ್ಕೂ ಹೋಗಿ ನೋಡಿ ಬಂದರು. ಉತ್ತರವೂ ಬಂತು. 'ಸ್ಥಳ ಪರಿಶೀಲಿಸಲಾಗಿ, ಸದರಿ ಸ್ಥಳದಲ್ಲಿ ಯಾವುದೇ ತಗ್ಗು ಕಂಡುಬಂದಿರುವುದಿಲ್ಲ.' ನನ್ನ ಮೈ ಉರಿಯಿತು. ಮನೆಗೆ ಬಂದವನೇ ಅದನ್ನು ಅವಳಿಗೆ ಜೋರಾಗಿ ಓದಿ ಹೇಳಿದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾಗದೆ ನಗತೊಡಗಿದಳು. ನಗುತ್ತ ಮೆಣಸಿನಕಾಯಿಯ ಕೈಯಿಂದಲೇ ಕಣ್ಣೊರೆಸಿಕೊಂಡು, ಉರಿ ತಾಳದೆ ಬಚ್ಚಲಿಗೆ ಓಡಿದಳು. ಅಲ್ಲಿಂದಲೂ ನಗು ಕೇಳುತ್ತಿತ್ತು. "ಏನ ನಗು ಇದು? ಮಂದಿ ಕುಂತಲ್ಲೇ ವರದಿ ಬರದು ಕಳಸ್ತಾರ, ನಿನಗ ನಗು!" ಎಂದು ನಾನು ಹೊರಗೆ ನಿಂತು ಕೂಗಾಡಿದೆ.

ಎರಡನೆಯ ಅರ್ಜಿ ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ. ಆದರೆ ಮುಂದಿನ ತಿಂಗಳು ಏರಿನ ತುದಿಯಲ್ಲಿ ಸೈಕಲ್ ಕುಲುಕಲಿಲ್ಲ! ಅದರ ಮುಂದಿನ ತಿಂಗಳೂ ಇಲ್ಲ. "ನೋಡಿದೇನು? ಬಾಯಿಂದ ಉತ್ತರ ಕೊಡಲಿಲ್ಲ, ಗುಮ್ಮನ ಬಂದು ಮುಚ್ಚಿ ಹೋಗ್ಯಾರ" ಎಂದು ಸೈಕಲ್ ಮೇಲಿಂದಲೇ ಹಿಂದಕ್ಕೆ ಹೇಳಿದೆ. "ನಿಮ್ಮ ಅರ್ಜಿ ಅಂದ್ರ ಸುಮ್ಮನೇನ್ರಿ" ಎಂದಳು. ಅವಳಿಗೆ ಏದುಸಿರು ಬರುತ್ತಿತ್ತು. ನಾನು ಅದನ್ನು ಸಂತೋಷ ಎಂದುಕೊಂಡೆ. ಆ ಅರ್ಜಿಯ ನಕಲನ್ನು ಈಗಲೂ ಇಟ್ಟಿದ್ದೇನೆ. ಒಂದೇ ಅರ್ಜಿಗೆ ತಗ್ಗು ಮುಚ್ಚಿಸಿದವ ಎಂದು ಕೋರ್ಟಿನ ಮುಂದೆ ನನ್ನ ಹೆಸರು ಸ್ವಲ್ಪ ಹೆಚ್ಚಿತು. ಎರಡು ಅರ್ಜಿ ಎಂದು ನಾನು ತಿದ್ದಲಿಲ್ಲ.

ಮೂರು ವರ್ಷದ ಹಿಂದೆ ಒಂದು ಜ್ವರ ನೆಪವಾಗಿ ಅವಳು ಹೋದಳು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು, ಐದು ದಿನ ಇದ್ದಳು, ಆಮೇಲೆ ಇಲ್ಲ. ಅದರ ಬಗ್ಗೆ ಬರೆಯಲು ಕೂತರೆ ಇಷ್ಟು ವರ್ಷದ ಕಸುಬು ಕೈಬಿಡುತ್ತದೆ. ಬೇರೆಯವರ ದುಃಖಕ್ಕೆ ನನ್ನ ಬಳಿ ವಾಕ್ಯಗಳಿವೆ.

ಆರು ತಿಂಗಳು ಸೈಕಲ್ ಮುಟ್ಟಲಿಲ್ಲ. ತವರಿನಲ್ಲಿ ಈಗ ಮಾವನಿಲ್ಲ, ಅವಳ ತಮ್ಮನ ಸಂಸಾರವಿದೆ. ಅವನು ಫೋನ್ ಮಾಡಿ, "ಅಕ್ಕ ಇಲ್ಲಂತ ದಾರಿ ಮುರೀಬ್ಯಾಡ್ರಿ ಮಾವಾರ. ಆಕಿ ಟ್ರಂಕ್ ಹಂಗ ಐತಿ, ನೀವ ಬಂದು ತಗೀಬೇಕು" ಎಂದ. ಮದುವೆಗೆ ಮುಂಚಿನ ಅವಳ ಸಾಮಾನಿನ ಟ್ರಂಕು ಅದು, ತವರಿನಲ್ಲೇ ಬಿಟ್ಟಿದ್ದಳು. ಅವಳ ವಾಸನೆ ಇರುವ ಬಟ್ಟೆ ಏನಾದರೂ ಅದರಲ್ಲಿ ಉಳಿದಿರಬಹುದು ಎನ್ನುವುದು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ನಮ್ಮ ಮನೆಯಲ್ಲಿ ಅವಳ ಸೀರೆಗಳನ್ನೆಲ್ಲ ಒಗೆದು ಹಂಚಿಬಿಟ್ಟಿದ್ದರು. ಮರು ಭಾನುವಾರವೇ ಹೊರಟೆ.

ಇಬ್ಬರ ಭಾರ ಹೊತ್ತು ಹತ್ತಿದ ಏರು, ಒಬ್ಬನಿಗೆ ಎಷ್ಟರದು ಎಂದುಕೊಂಡೇ ಹೋದೆ. ತಿರುವಿನ ತನಕ ಸರಿಯಾಗಿತ್ತು. ತಿರುವಿನ ಆಚೆ ಎದ್ದು ನಿಂತೆ, ನಾಲ್ಕು ತುಳಿತ ತುಳಿದೆ, ಹಗುರಾಗುವುದನ್ನು ಕಾದೆ. ಹಗುರಾಗಲಿಲ್ಲ. ಇನ್ನೂ ನಾಲ್ಕು. ಪೆಡಲ್ ಕಲ್ಲಿನಂತೆ ನಿಂತುಬಿಟ್ಟಿತು. ಖಾಲಿ ಸೈಕಲ್, ಹಿಂದೆ ಯಾರೂ ಇಲ್ಲ, ಕೈಚೀಲವೂ ಇಲ್ಲ, ಆದರೂ ಹತ್ತದು. ಬೀಳುವ ಮುಂಚೆ ಹ್ಯಾಂಡಲ್ ಹೊರಳಿಸಿ ಇಳಿಜಾರಿಗೆ ಬಿಟ್ಟೆ. ಇಳಿದು ನಡೆಯಬಹುದಿತ್ತು. ಅವಳ ಊರಿಗೆ ನಾನು ಎಂದೂ ಇಳಿದು ಹೋದವನಲ್ಲ, ಅವಳಿಲ್ಲದಾಗ ಆ ಮಾತು ಮುರಿಯುವುದು ಮೋಸ ಅನ್ನಿಸಿತು. ಅವಳ ತಮ್ಮನಿಗೆ ಫೋನ್ ಮಾಡಿ, ನನಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿದೆ.

ಹೀಗೆ ಎರಡು ವರ್ಷದಲ್ಲಿ ಆರು ಸಲ ಹೋಗಿ ಆರು ಸಲವೂ ತಿರುವಿನ ಆಚೆಯಿಂದ ಹಿಂದೆ ಬಂದೆ. ಬಸ್ಸಿಗೆ ಹೋಗು ಎಂದರು, ಸ್ಕೂಟರ್ ತಗೋ ಎಂದರು. ಒಂದು ಭಾನುವಾರ ರಾಣೆಬೆನ್ನೂರಿನ ಕಡೆಯಿಂದ ನಾಲ್ವರು ತಲೆಗೆ ಬುಟ್ಟಿಯಂಥ ಟೊಪ್ಪಿಗೆ ಹಾಕಿಕೊಂಡು ಗೇರಿನ ಸೈಕಲ್ಲುಗಳ ಮೇಲೆ ಕಾಲು ಗಿರಗಿರ ತಿರುಗಿಸುತ್ತ ನನ್ನನ್ನು ದಾಟಿ ಹೋದರು. "ಕಮಾನ್ ಅಂಕಲ್" ಎಂದರು. ಅಂಕಲ್ ಅಂತೆ. ವಯಸ್ಸು ಐವತ್ತನಾಲ್ಕಾಗಿದೆ, ನಿಜ. ಆದರೆ ಐವತ್ತರಲ್ಲಿ ಅವಳನ್ನು ಕೂಡಿಸಿಕೊಂಡು ಹತ್ತಿದವನು ನಾಲ್ಕು ವರ್ಷದಲ್ಲಿ ಇಷ್ಟು ಸೋಲುತ್ತಾನೆಯೇ? ದೋಷ ಸೈಕಲ್ಲಿನದೇ ಎಂದು ತೀರ್ಮಾನಿಸಿದೆ.

ಬ್ಯಾಡಗಿ ಸ್ಟೇಷನ್ ದಾರಿಯಲ್ಲಿ ಸೈಕಲ್ ರಿಪೇರಿ ಮಾಡುವ ಮುದುಕನೊಬ್ಬನಿದ್ದಾನೆ. ಊರಿಗೆಲ್ಲ ಅವನು ಚಾಚಾ. ನನ್ನ ಸೈಕಲ್ಲನ್ನು ಕೊಂಡ ದಿನದಿಂದ ನೋಡಿದವನು. "ಬಿಗಿ ಬಂದೈತಿ, ನೋಡ್ರಿ" ಎಂದು ಕೊಟ್ಟೆ. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಹತ್ತಲಿಲ್ಲ. ಫ್ರೀವೀಲ್ ಬದಲಿಸಿದ. ಹತ್ತಲಿಲ್ಲ. ಮೂರನೆಯ ಸಲ ನಾನು ಅವನ ಅಂಗಡಿಯಲ್ಲೇ ಕೂಗಾಡಿದೆ. ಚಾಚಾ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗಾಲಿ ತಿರುಗಿಸಿದ. ಗಾಲಿ ತಿರುಗಿತು, ತಿರುಗುತ್ತಲೇ ಇತ್ತು. ಇಬ್ಬರೂ ನೋಡುತ್ತ ಕೂತೆವು. ಆಮೇಲೆ ಅವನು ಎಣ್ಣೆ ಬಟ್ಟೆಯಿಂದ ಕ್ಯಾರಿಯರ್ ಒರೆಸುತ್ತ, ಒಂದು ಕಡೆ ಕೈ ನಿಲ್ಲಿಸಿದ.

"ರೈಟರ್ ಸಾಬ್, ಇಲ್ಲಿ ಬರ್ರಿ. ಕೈ ಇಡ್ರಿ ಇಲ್ಲಿ."

ಕ್ಯಾರಿಯರ್ ಹಿಂತುದಿಯ ಎಡಮೂಲೆಯಲ್ಲಿ, ಒಂದು ಗೇಣಿನಷ್ಟು, ಕರಿ ಬಣ್ಣ ಪೂರಾ ಹೋಗಿ ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು. ಉಳಿದ ಕಡೆಯೆಲ್ಲ ಬಣ್ಣವಿತ್ತು.

"ಹಗ್ಗ ಕಟ್ಟಿದ್ದಿರಬೇಕು" ಎಂದೆ.

"ಹಗ್ಗ ಸವೆಸೂದು ಬ್ಯಾರೆ. ಅಡ್ಡ ಗೆರಿ ಬೀಳ್ತಾವು. ಇದು ಕೈ ಹಿಡದು ಸವದದ್ದು. ಬಾಜೂಕ ನೋಡ್ರಿ, ಸಣ್ಣ ಸಣ್ಣ ಗೀಚು. ಬಳಿ ತಾಗ್ಯಾವು." ಚಾಚಾ ನನ್ನ ಮುಖ ನೋಡದೆ ಬಟ್ಟೆ ಮಡಚಿದ. "ಸೈಕಲ್ಲಿಗೆ ಏನೂ ಆಗಿಲ್ಲರಿ. ದೂಡೋರಿಲ್ಲ, ಅಷ್ಟ."

ನಾನು ಆ ಹೊಳೆಯುವ ಜಾಗದ ಮೇಲಿಂದ ಕೈ ತೆಗೆಯದೆ ನಿಂತೆ. ತಿರುವಿನ ಆಚೆ ನಾನು ಎದ್ದು ನಿಂತಾಗ ಸೈಕಲ್ ವಾಲುತ್ತದೆ. ಆ ವಾಲಾಟದಲ್ಲಿ ಅವಳು ಜಾರಿ ಇಳಿಯುತ್ತಿದ್ದಳು. ಇಳಿದು, ಕ್ಯಾರಿಯರ್ ಹಿಡಿದು, ನನ್ನ ಹಿಂದೆ ಅರೆನಡಿಗೆ ಅರೆಓಟದಲ್ಲಿ ದೂಡುತ್ತ ಬರುತ್ತಿದ್ದಳು. ತುದಿಯಲ್ಲಿ ನಾನು ಸೀಟಿನ ಮೇಲೆ ಕೂಡುವ ಹೊತ್ತಿಗೆ ಹಾರಿ ಕೂಡುತ್ತಿದ್ದಳು. ಧಡ್ ಎನ್ನುತ್ತಿದ್ದುದು ಅದು. ಅರ್ಜಿ ಬರೆದ ಮೇಲೆ ಸದ್ದಾಗದಂತೆ ಕೂಡುವುದನ್ನು ಕಲಿತಳು. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಸುತ್ತಿದ್ದಳು, "ಕ್ಯಾರಿಯರ್ ಮ್ಯಾಲ ಕುಂತು ಹೋಗಾಕಿಗೆ ಚಪ್ಪಲಿ ಹ್ಯಾಂಗ ಸವೀತಾವ?" ಎಂದು ಅದಕ್ಕೂ ನಾನು ಬೈದಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯಾದರೂ ಹಿಂದಿರುಗಿ ನೋಡಿದ್ದರೆ ಸಾಕಿತ್ತು. ಏರಿನಲ್ಲಿ ಹಿಂದಿರುಗಿ ನೋಡುವುದು ನನ್ನ ವಿದ್ಯೆಯಲ್ಲಿರಲಿಲ್ಲ.

ಮರು ಭಾನುವಾರ ಮತ್ತೆ ಹೋದೆ. ತಿರುವಿನಲ್ಲಿ ಚಹಾದವ್ವನ ಗುಡಿಸಲ ಮುಂದೆ ನಿಂತು ನೇರವಾಗಿ ಕೇಳಿದೆ. ಅವಳಿಗೆ ನನ್ನಷ್ಟೇ ವಯಸ್ಸು. ಬಸಿಯಲ್ಲಿ ಚಹಾ ಸುರಿಯುತ್ತಿದ್ದವಳು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಗೊತ್ತಾತೇನ್ರಿ ನಿಮಗ? ಊರಿಗೆಲ್ಲಾ ಗೊತ್ತಿತ್ತು. ಇಲ್ಲೇ, ಈ ಕಲ್ಲಿನ ಹತ್ತಿರ ಜಿಗೀತಿದ್ಲು. ನಾ ಏನರ ಅಂದೇನು ಅಂತ ಬಾಯಿ ಮ್ಯಾಲ ಬಟ್ಟಿಟ್ಟು ತೋರಿಸಿ ಹೋಗ್ತಿದ್ಲು. ನಿಮ್ಮ ಮಾವಗೂ ಹೇಳಿದ್ಲಂತ, ಅವರ ಮುಂದ ಯಾರೂ ಅನಬ್ಯಾಡ್ರಿ, ಭಾಳ ಸಿಟ್ಟಿನ ಮನಶಾ ಅಂತ."

"ಸಿಟ್ಟಿನ ಮನಶಾ ಅಂದ್ಲೇನು?"

"ನಕ್ಕೋತ ಅಂದದ್ದರಿ." ಅವಳು ಬಸಿಯನ್ನು ನನ್ನ ಮುಂದೆ ಇಟ್ಟಳು. "ಒಮ್ಮೆ ಮಾತ್ರ, ನೀವು ತಿರುಗಿ ಹೋಗೂ ಮುಂದ ಅಲ್ಲಿ ಚೈನ ಹಾಕ್ಕೋತ ಇದ್ರಿ, ಆಕಿ ಇಲ್ಲಿ ಕುಂತಾಗ, ಬ್ಯಾರೆದವರು ಗಂಡ ಹೇಣ್ತಿ ಸೈಕಲ್ ಹಿಡಕೊಂಡು ನಡಕೋತ ಹೊಂಟಿದ್ರು, ಅವರನ್ನ ನೋಡಿ ಒಂದು ಮಾತು ಅಂದ್ಲು. ಎವ್ವಾ, ಮನ್ಯಾಗ ಹದಿಮೂರು ಮಂದಿ, ರಾತ್ರಿ ಆದ್ರೂ ಗ್ವಾಡಿಗೆ ಕಿವಿ. ಹಿಂಗ ನಡಕೋತ ಹೋದ್ರ ಎಷ್ಟ ಮಾತಾಡಬಹುದಿತ್ತು ನೋಡು, ಅಂದ್ಲು."

ಚಹಾ ಕುಡಿಯಲಾಗಲಿಲ್ಲ. ಅವಳು ದೂಡಿದಳು ಎಂದು ತಿಳಿದಾಗ ನಾಚಿಕೆಯಾಗಿತ್ತು. ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ. ಇಷ್ಟೊಂದು ಪ್ರೀತಿ ಮಾಡಿದ್ದಳಲ್ಲ ಎಂದು ಎದೆ ತುಂಬಿ ಬಂದಿತ್ತು. ಈ ಮಾತು ಬೇರೆ. ಹೊಲಕ್ಕೆ ಹೋಗುವವರು, ಸಂತೆಗೆ ಹೋಗುವವರು, ಅಕ್ಷರ ಬಾರದವರು, ಎಲ್ಲ ಗಂಡಸರೂ ಈ ಏರಿನಲ್ಲಿ ಸೈಕಲ್ ಇಳಿದು ಹೆಂಡತಿಯ ಮಾತು ಕೇಳುತ್ತ ಹತ್ತಿದರು. ಮನೆಯಲ್ಲಿ ಆಡಲಾಗದ್ದನ್ನು ಆಡಲು ನಮ್ಮಂಥವರಿಗೆ ಇದ್ದದ್ದು ಇಷ್ಟೇ ಜಾಗ, ತಿಂಗಳಿಗೆ ಒಮ್ಮೆ, ಇಪ್ಪತ್ತು ನಿಮಿಷ. ನಾನು ಅದನ್ನು ತೊಡೆಯ ಬಲ ತೋರಿಸಲು ಖರ್ಚು ಮಾಡಿದೆ. ಅವಳು ಏರಿನ ಬುಡದಲ್ಲಿ "ಒಂದ ಮಾತು ಇತ್ತರಿ" ಎಂದು ಎಷ್ಟೋ ಸಲ ಶುರು ಮಾಡಿದ್ದಳು. ಮಕ್ಕಳಾಗದ ಹೆಣ್ಣಿಗೆ ತುಂಬಿದ ಮನೆಯಲ್ಲಿ ಯಾರು ಏನೆನ್ನುತ್ತಿದ್ದರೋ. "ಏರ ಮುಗೀಲಿ" ಎನ್ನುತ್ತಿದ್ದೆ. ಏರು ಮುಗಿದ ಮೇಲೆ ಕೇಳಿದರೆ, "ಏನಿಲ್ಲ ಬಿಡ್ರಿ, ಮರತ್ನಿ" ಎನ್ನುತ್ತಿದ್ದಳು. ಅವಳ ಊರು ಕಾಣಿಸುತ್ತಿತ್ತು, ನಾನೂ ಬಿಟ್ಟುಬಿಡುತ್ತಿದ್ದೆ.

ಪ್ರೀತಿಯಿಂದ ದೂಡಿದಳೋ, ನನ್ನ ಸಿಟ್ಟಿಗೆ ಹೆದರಿ ದೂಡಿದಳೋ ನನಗೆ ಈಗ ಗೊತ್ತಾಗುವ ದಾರಿಯಿಲ್ಲ. ಎರಡೂ ಇರಬಹುದು. ಕೋರ್ಟಿನ ಮುಂದೆ ದಿನವೂ ಇಂಥವನ್ನು ಬರೆಯುತ್ತೇನೆ, ಸಂಸಾರದಲ್ಲಿ ಅವೆರಡನ್ನೂ ಬೇರೆ ಮಾಡಿ ತೋರಿಸಿದವರನ್ನು ನಾನು ಕಂಡಿಲ್ಲ.

ಚಹಾದವ್ವನಿಗೆ ಹೇಳಿ ಎದ್ದೆ. ಸೈಕಲ್ ಹತ್ತಲಿಲ್ಲ. ಹ್ಯಾಂಡಲ್ ಹಿಡಿದು, ಮೊದಲ ಸಲ, ಆ ಏರಿನಲ್ಲಿ ಕಾಲು ಊರಿದೆ. ರಸ್ತೆ ಕಾಲಿಗೆ ಬೇರೆಯೇ ಇತ್ತು. ನಡೆದು ಹತ್ತಲು ಏನೂ ಕಷ್ಟವಿರಲಿಲ್ಲ, ಉಸಿರು ಸಹ ಏರಲಿಲ್ಲ. ತಲೆಯೆತ್ತಿ ನೋಡುತ್ತ ಹೋಗಬಹುದಿತ್ತು. ಎಡಗಡೆಗೆ ಕೆರೆ, ಅದರ ಆಚೆ ಮೆಕ್ಕೆಜೋಳದ ಹೊಲಗಳು, ಇವೆಲ್ಲ ಇಲ್ಲಿವೆಯೆಂದೇ ನನಗೆ ಗೊತ್ತಿರಲಿಲ್ಲ. ಎದುರಿಗೆ ಹೊರೆ ಹೊತ್ತು ಇಳಿಯುತ್ತಿದ್ದ ಒಬ್ಬ ಹೆಂಗಸು ಗುರುತು ಹಿಡಿದು, "ಯಾಕ್ರಿ ರೈಟರ, ಇಳದ್ರಿ?" ಎಂದು ಕೇಳಿದಳು.

"ಏರ ಐತಲ್ಲ ಬೇ" ಎಂದೆ.

ಅವಳು ದಾಟಿ ಹೋದ ಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ನಾನು ಸೈಕಲ್ಲಿನ ಆ ಪಕ್ಕದಲ್ಲಿ, ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ರಸ್ತೆಯ ಅಂಚಿಗೆ ಸರಿದುಕೊಂಡೆ. "ಏನೋ ಹೇಳಬೇಕಂದಿದ್ದೆಲ್ಲ, ಹೇಳು" ಎಂದೆ. ಬಾಯಿಬಿಟ್ಟೇ ಅಂದೆ. ಆಮೇಲೆ ಏರು ಮುಗಿಯುವ ತನಕ ನಾನು ಒಂದು ಮಾತೂ ಆಡದೆ ಅವಳ ಮಾತಿಗೆ ಕಾದುಕೊಂಡು ನಡೆದೆ.